ಎಂಜಲು ಕಣ್ಣು

"ಏನ್ ಬೇಕಾದ್ರೂ ಬಿಚ್ಚು ಮಗಾ. ಬಾಯಿಂದ ಮಾತ್ರ ಊದ್ಬೇಡ. ಎಂಜ್ಲು ತಾಗ್ಬಾರ್ದು ಅದಕ್ಕೆ."

ಫೋಟೊ ಸ್ಟುಡಿಯೋದ ಷಟರಿಗೆ ಬೀಗದ ಕೈ ಹಾಕುವ ಮೊದಲೇ ಸುಲೋಚನಮ್ಮ ಇದನ್ನು ಹೇಳಿದಳು. ಕಿರಣ್‌ಕುಮಾರನಿಗೆ ನಗು ತಡೆಯಲಾಗಲಿಲ್ಲ. ಹಾಸನದಿಂದ ಬಂದು ಶನಿವಾರಸಂತೆಯ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ಮೇಲೆ ಅವನು ಎಂಥೆಂಥ ಗಿರಾಕಿಗಳನ್ನೋ ಕಂಡಿದ್ದ. ಕೀಬೋರ್ಡಿಗೆ ಕುಂಕುಮ ಹಚ್ಚಿದವರಿದ್ದರು, ಪ್ರಿಂಟರಿನ ಮೇಲೆ ನಿಂಬೆಹಣ್ಣು ಇಟ್ಟವರಿದ್ದರು. ಮಡಿ ಮೈಲಿಗೆ ಹೇಳಿದವರು ಮಾತ್ರ ಇವಳೇ ಮೊದಲು.

"ಯಾಕಮ್ಮಾ, ಸ್ನಾನ ಮಾಡ್ಕೊಂಡ್ ಬರ್ಬೇಕಿತ್ತಾ ನಾನು?"

ಸುಲೋಚನಮ್ಮ ನಗಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಕಿರಣನ ಎಡಗಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಕಂದು ಚುಕ್ಕಿಯೊಂದಿತ್ತು, ಹುಟ್ಟಿನಿಂದ ಬಂದದ್ದು. ಅವಳ ನೋಟ ಅಲ್ಲೇ ನಿಂತಿತ್ತು.

"ಚೆಂದದ ಕಣ್ಣು ಕಣಪ್ಪ ನಿಂದು," ಎಂದಳು. "ಬೇಡ ಅಂದಿದೀನಿ. ಆಮೇಲೆ ಹೇಳ್ಲಿಲ್ಲ ಅನ್ಬೇಡ."

ಬುದ್ಧಿ ಇರುವವನಾಗಿದ್ದರೆ ಅಷ್ಟಕ್ಕೇ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಕಿರಣ್‌ಕುಮಾರನಿಗೆ ಬುದ್ಧಿ ಬೇಕಾದಷ್ಟಿತ್ತು, ಅದೇ ಅವನ ತೊಂದರೆ. ತನಗಿಂತ ಕಡಿಮೆ ಓದಿದವರು ಏನು ಹೇಳಿದರೂ ಅದಕ್ಕೆ ಉಲ್ಟಾ ಮಾಡಿ ತೋರಿಸುವ ಚಪಲ ಅವನಿಗೆ.

ಷಟರ್ ಮೇಲೆದ್ದಿತು. ಹೊರಗೆ ಸಂತೆಯ ಗದ್ದಲ. ಹೂಮಳೆ ಬಿದ್ದು ಸುತ್ತಲ ತೋಟಗಳಲ್ಲೆಲ್ಲ ಕಾಫಿ ಹೂವು ಬಿಟ್ಟಿತ್ತು, ಊರಿಡೀ ಮಲ್ಲಿಗೆಯಂಥ ಕಂಪು. ಆ ಕಂಪು ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಿತು. ಒಳಗಿನಿಂದ ಬೇರೆಯೇ ನಾತ ಎದುರು ಬಂತು. ಹಳಸಿದ ಅನ್ನ, ಇಲಿಪಿಕ್ಕೆ, ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡ ಎಲೆಅಡಿಕೆ. ಕಿರಣ ಮೂಗಿಗೆ ಕರವಸ್ತ್ರ ಹಿಡಿದ.

ಕಿಟಕಿಯಿಲ್ಲದ ಉದ್ದನೆಯ ಕೋಣೆ. ಜಲಪಾತದ ಚಿತ್ರದ ಪರದೆ ಬೂಸಲು ಹಿಡಿದು ಜೋತುಬಿದ್ದಿತ್ತು. ಗೋಡೆಯ ಮೇಲೆ ಸಾಲು ಸಾಲು ಚೌಕಟ್ಟುಗಳು, ಮಾಡಿಸಿದವರು ಒಯ್ಯದೆ ಬಿಟ್ಟು ಹೋದ ತೀರಿಕೊಂಡವರ ಫೋಟೊಗಳು. ಪೇಟದ ಮುದುಕ, ಮೂಗುತಿಯ ಮುದುಕಿ, ಕೋಟು ತೊಟ್ಟ ನಡುವಯಸ್ಸಿನವನು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನ. ಆದರೂ ಎಲ್ಲರಲ್ಲೂ ಏನೋ ಒಂದು ಹೋಲಿಕೆ ಇತ್ತು. ಅದೇನೆಂದು ಕಿರಣನಿಗೆ ಹೊಳೆಯಲಿಲ್ಲ.

ಮೂಲೆಯ ಮೇಜಿನ ಮೇಲೆ ಆ ಕಂಪ್ಯೂಟರ್. ಹಿಂದೆ ಹೊಟ್ಟೆ ಬಂದ ಹಳೇ ಮಾನಿಟರ್, ಪಕ್ಕದಲ್ಲಿ ಹಳದಿಗಟ್ಟಿದ ಸಿಪಿಯು ಡಬ್ಬ. ಎರಡೂ ಕೈಗೆ ಅಂಟುತ್ತಿದ್ದವು.

"ಡಿಸ್ಕ್ ಬಿಚ್ಕೊಂಡ್ ಹೋಗಿ ನನ್ನ ಅಂಗಡೀಲಿ ನೋಡ್ತೀನಮ್ಮ. ಫೋಟೊ ತಾನೆ ಬೇಕಿರೋದು?"

"ಬೇರೆಯವ್ರೂ ಹಂಗೇ ಒಯ್ದಿದ್ರು. ಅಲ್ಲಿ ಖಾಲಿ ಅಂತ ತೋರಿಸ್ತದೆ. ಇದ್ರಲ್ಲೇ ಕಾಣ್ಬೇಕು ಅದು."

"ಯಾರ್ ಫೋಟೊ?"

ಉತ್ತರ ಬಂದದ್ದು ಹಿಂದಿನ ಮನೆಗೆ ತೆರೆಯುವ ಒಳಕೋಣೆಯಿಂದ. ಅಡಿಕೆ ಕುಟ್ಟುವ ಸದ್ದು ನಿಂತು, ಸುಲೋಚನಮ್ಮನ ಗಂಡ ಪರಮೇಶಪ್ಪ ಗೋಡೆ ತಡವುತ್ತ ಬಾಗಿಲಿಗೆ ಬಂದ. ಒಂದು ಕಾಲದಲ್ಲಿ ಈ ಸ್ಟುಡಿಯೋ ನಡೆಸುತ್ತಿದ್ದವನು. ಕುರುಡನಾದ ಮೇಲೆ ಬಾಗಿಲು ಹಾಕಿದ್ದ. ಅವನ ಕಣ್ಣಿಗೆ ಪೊರೆ ಗಿರೆ ಏನೂ ಇರಲಿಲ್ಲ. ನಿಚ್ಚಳವಾದ, ಓಡಾಡುವ ಕಣ್ಣು. ನೋಡುತ್ತಿದ್ದುದು ಮಾತ್ರ ಈ ಕೋಣೆಯಲ್ಲಿ ಇಲ್ಲದ ಇನ್ನೇನನ್ನೋ.

"ಲೋಕೇಶಂದು," ಎಂದ. "ತೋಟದ ಕೂಲಿಯೋರ ಲೈನ್‌ಮನೆ ಸುಬ್ಬಿ ಮಗ. ಮೆಣಸು ಕುಯ್ಯಕ್ಕೆ ಏಣಿ ಹತ್ತಿದ್ದೋನು, ಮರದಿಂದ ಬಿದ್ದು ತೀರ್ಕೊಂಡ."

ನಿಂತಲ್ಲೇ ಕತೆ ಹೇಳಿದ. ಮನೆಯವರು ಸತ್ತ ಮೇಲೆಯೇ ಎಷ್ಟೋ ಜನಕ್ಕೆ ಒಂದು ಒಳ್ಳೆಯ ಫೋಟೊ ಇಲ್ಲವೆಂದು ನೆನಪಾಗುವುದು. ಪರಮೇಶಪ್ಪ ಕ್ಯಾಮೆರಾ ಹಿಡಿದು ಓಡುತ್ತಿದ್ದ. ಹೆಣ ಕೂರಿಸುವ ಪದ್ಧತಿಯ ಮನೆಗಳಲ್ಲಿ ಕೆಲಸ ಸಲೀಸು, ಮಲಗಿಸುವ ಮನೆಗಳಲ್ಲಿ ಮೇಲಿನಿಂದ ತೆಗೆಯಲು ಸ್ಟೂಲು ಹತ್ತಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಮೂಗಿನ ಹತ್ತಿ ಅಳಿಸಿ, ಕೋಟು ತೊಡಿಸಿ, ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಅಂಟಿಸುವುದು. ಬೇರೆಯವರ ಕಣ್ಣು ಹಾಕಿದರೆ ಯಾರಾದರೂ ಗುರುತು ಹಿಡಿದು ಜಗಳಕ್ಕೆ ಬರುತ್ತಾರೆ. ಅದಕ್ಕೆ ಅವನು ತನ್ನದೇ ಪಾಸ್‌ಪೋರ್ಟ್ ಫೋಟೊದ ಕಣ್ಣು ಕತ್ತರಿಸಿ ಇಟ್ಟುಕೊಂಡಿದ್ದ. ಯಾರು ಸತ್ತರೂ ಅದೇ.

ಕಿರಣ ತಲೆಯೆತ್ತಿ ಗೋಡೆ ನೋಡಿದ. ಪೇಟದ ಮುದುಕ, ಮೂಗುತಿಯ ಮುದುಕಿ, ಕೋಟಿನವನು. ಎಲ್ಲರೂ ಪರಮೇಶಪ್ಪನ ಕಣ್ಣಿನಿಂದ ಅವನನ್ನು ನೋಡುತ್ತಿದ್ದರು.

"ಸುಬ್ಬಿ ಬೇಡ ಅಂದಿದ್ಲು ಕಣಪ್ಪ. ಕಣ್ಣು ಬಿಡಿಸ್ಬೇಡಿ, ನನ್ ಮಗ ಮಲಗಿದ್ ಹಂಗೇ ಇರ್ಲಿ ಅಂದಿದ್ಲು. ಕಣ್ ಮುಚ್ಚಿರೋ ಫೋಟೊಗೆ ಯಾರಾದ್ರೂ ಹಾರ ಹಾಕ್ತಾರಾ ಅಂತ ನಾನೇ ಬಿಡಿಸ್ದೆ. ನೋಡಿದ ಕೂಡ್ಲೆ ಗುರುತು ಹಿಡಿದ್ಲು. ಊರ ಹೆಣಕ್ಕೆಲ್ಲ ಹಾಕಿ ಎಂಜ್ಲು ಮಾಡಿದ್ ಕಣ್ಣಾ ನನ್ ಮಗನಿಗೆ ಅಂತ ಇಲ್ಲೇ ನಿಂತು ಕೇಳಿದ್ಲು. ನಾನು..."

ಮಾತು ತುಂಡಾಯಿತು. ಪರಮೇಶಪ್ಪ ತುಟಿ ಬಿಗಿಯಾಗಿ ಮುಚ್ಚಿ, ಊಟ ಬೇಡವೆನ್ನುವ ಮಗುವಿನ ಹಾಗೆ ಮುಖ ಆ ಕಡೆಗೂ ಈ ಕಡೆಗೂ ಹೊರಳಿಸಿದ. ಗಂಟಲು ಉಬ್ಬಿ ಇಳಿಯಿತು. ಸುಲೋಚನಮ್ಮ ಸೆರಗಿನಿಂದ ಅವನ ಬಾಯಿ ಒರೆಸಿದಳು, ಅಲ್ಲಿ ಒರೆಸುವಂಥದ್ದು ಏನೂ ಇಲ್ಲದಿದ್ದರೂ.

"ನಕ್ಬಿಟ್ಟೆ," ಎಂದು ಮುಂದುವರಿಸಿದ. "ಮೂಲೇಲಿ ಉಗಿದಿದ್ದೆ, ನನ್ನ ಎಲೆಅಡಿಕೆ. ಅದನ್ನ ಬೆರಳಲ್ಲಿ ಬಳ್ಕೊಂಡ್ ಹೋಗಿ ಈ ಡಬ್ಬದ ಸಂದಿಗೆ ತುಂಬಿದ್ಲು. ಏನೇನೋ ಮಣಮಣ ಅಂದ್ಲು. ಇನ್ನು ನನ್ ಮಗ ನಿನ್ ಕಣ್ಣಲ್ಲೇ ನೋಡ್ಲಿ ಅಂತ ಫೋಟೊ ಎತ್ಕೊಂಡ್ ಹೋದ್ಲು. ಆವತ್ತೇ ಇದ್ರ ಪರದೆ ಆರಿತು. ನಂದೂ."

"ಕತ್ಲೆ ಆಗೋಯ್ತಾ?"

"ಕತ್ಲೆ ಆಗಿದ್ರೆ ಸುಖವಾಗಿರ್ತಿದ್ದೆ ಮಗಾ."

ಅಷ್ಟು ಹೇಳಿ ಪರಮೇಶಪ್ಪ ಕೈ ಮುಂದೆ ಚಾಚಿ ಕಿರಣನ ತೋಳು ಹುಡುಕಿ ಹಿಡಿದ. ಅಂಗೈ ಬೆವರಿತ್ತು. "ಮಲಗಿರೋ ಫೋಟೊ ಕೊಟ್ರೆ ಬಿಡ್ತೀನಿ ಅಂದಿದಾಳೆ ಸುಬ್ಬಿ. ಅದು ಇದ್ರೊಳಗೇ ಐತೆ. ನನ್ ಕಣ್ಣು ಬರ್ಲಿ. ಬಂದ ಕೂಡ್ಲೆ ಮೊದಲ್ನೇ ಕೆಲಸ ಅದೇ. ಆ ಫೋಟೊ ಪ್ರಿಂಟ್ ಹಾಕಿ ಅವಳ ಕಾಲಿಗೆ ಬೀಳ್ತೀನಿ. ದೇವರಾಣೆ."

ಕಿರಣ ಮೆಲ್ಲಗೆ ತೋಳು ಬಿಡಿಸಿಕೊಂಡು ಪ್ಯಾಂಟಿಗೆ ಒರೆಸಿಕೊಂಡ. ನರದ ತೊಂದರೆ ಇರಬೇಕು, ಮೈಸೂರಿಗೆ ಹೋಗಿ ತೋರಿಸುವುದು ಬಿಟ್ಟು ಮಾಟವಂತೆ, ಎಂದುಕೊಂಡ. ಮುದುಕನ ಮೇಲೆ ಕನಿಕರಕ್ಕಿಂತ ಅಸಹ್ಯವೇ ಹೆಚ್ಚಾಗಿತ್ತು. ಬೇಗ ಕೆಲಸ ಮುಗಿಸಿ ಈ ನಾತದಿಂದ ಹೊರಬಿದ್ದರೆ ಸಾಕಾಗಿತ್ತು.

ಸ್ವಿಚ್ ಹಾಕಿದ. ಫ್ಯಾನು ಗೊರಗೊರ ತಿರುಗಿತು. ಮಾನಿಟರಿನ ದೀಪ ಕಿತ್ತಳೆ ಬಣ್ಣದಲ್ಲಿ ಮಿಟುಕಿತು, ಪರದೆ ಕಪ್ಪಾಗಿಯೇ ಉಳಿಯಿತು. ಕೇಬಲ್ ಕಿತ್ತು ಪಿನ್ನುಗಳನ್ನು ನೋಡಿದ, ನೆಟ್ಟಗಿದ್ದವು. ತಾನು ತಂದಿದ್ದ ಚಿಕ್ಕ ಮಾನಿಟರ್ ಸಿಕ್ಕಿಸಿದ. ಅದೂ ಕಪ್ಪು. ಅಂದರೆ ತೊಂದರೆ ಡಬ್ಬದೊಳಗೆ. ಉದ್ದನೆಯ ಬೀಪ್ ಒಂದರ ಹಿಂದೊಂದು ಕೇಳಿಸುತ್ತಿತ್ತು. ರ‍್ಯಾಮ್ ಸರಿಯಾಗಿ ಕೂತಿಲ್ಲ, ಇಷ್ಟೇ ಕತೆ ಎಂದು ನಕ್ಕ.

ಪಕ್ಕದ ತಗಡು ಬಿಚ್ಚಿದ್ದೇ ಜಿರಲೆಗಳು ಬುಳಬುಳನೆ ಹೊರಬಂದು ಅವನ ಮಣಿಕಟ್ಟಿನ ಮೇಲೆ ಹರಿದವು. ಕೊಡವಿದ. ಒಳಗೆ ಧೂಳು ಧೂಳಾಗಿ ಇರಲಿಲ್ಲ, ಜಿಡ್ಡು ಕುಡಿದು ಉಂಡೆಗಟ್ಟಿತ್ತು. ಅದರಲ್ಲಿ ಉದ್ದನೆಯ ಕೂದಲು, ಹಲ್ಲಿಯ ಮೊಟ್ಟೆಯ ಸಿಪ್ಪೆ, ಒಣಗಿದ ಅನ್ನದ ಅಗುಳು. ಬೋರ್ಡಿನ ಮೇಲೆ ಕೆಂಪನೆಯ ಲೋಳೆ ಹರಿದು ಕಟ್ಟಿಕೊಂಡಿತ್ತು. ಎಲೆಅಡಿಕೆಯ ರಸವೇ. ಎಷ್ಟೋ ವರ್ಷಗಳ ಹಿಂದೆ ತುಂಬಿದ್ದು ಒಣಗಬೇಕಿತ್ತಲ್ಲ. ಬೆರಳಿಗೆ ನೂಲಿನಂತೆ ಎಳೆ ಬಂತು.

ಸುಲೋಚನಮ್ಮ ಕಾಫಿ ತಂದಿಟ್ಟಳು. ಅವನಿಗೆ ಲೋಟ ನೋಡಲೂ ಆಗಲಿಲ್ಲ.

ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ. ಎಲ್ಲ ರಿಪೇರಿಯವರೂ ಮಾಡುವ ಕೆಲಸ, ನೂರಕ್ಕೆ ತೊಂಬತ್ತು ಸಲ ಇಷ್ಟಕ್ಕೇ ಡಿಸ್‌ಪ್ಲೇ ಬರುತ್ತದೆ. ಮತ್ತೆ ಕೂರಿಸಿದ. ಬೀಪ್. ಕಪ್ಪು. ಬ್ರಷ್ಷಿನಿಂದ ಅದು ಕೂರುವ ಕುಳಿ ಕೆದಕಿದ. ಬ್ರಷ್ಷಿನ ಕೂದಲೇ ಅಂಟಿಕೊಂಡು ಕಿತ್ತು ಬಂತು. ಗಾಳಿ ಊದುವ ಬ್ಲೋವರ್ ಅಂಗಡಿಯಲ್ಲಿ ಉಳಿದುಬಿಟ್ಟಿತ್ತು.

"ಎಷ್ಟು ಜನ ಬಂದು ಹೋದ್ರೋ ಲೆಕ್ಕ ಇಲ್ಲ," ಎಂದಳು ಸುಲೋಚನಮ್ಮ, ಬೆನ್ನ ಹಿಂದೆ ನಿಂತು. "ಎಲ್ರೂ ಹೇಳಿದ ಮಾತು ಕೇಳೋರೇ. ಊದ್ಬೇಡಿ ಅಂದ್ರೆ ಊದ್ತಿರ್ಲಿಲ್ಲ. ನೀನೂ ಊದ್ಬೇಡಪ್ಪ."

ಆ 'ನೀನೂ' ಅವನನ್ನು ಕೆಣಕಿತು. ತಾನು ಎಲ್ಲರ ಹಾಗಲ್ಲ. ಕಿರಣ ಡಬ್ಬದೊಳಕ್ಕೆ ಮುಖ ತೂರಿಸಿ, ಅವಳಿಗೆ ಕಾಣುವ ಹಾಗೆಯೇ ಕೆನ್ನೆ ಉಬ್ಬಿಸಿದ.

ಊದಿದ.

ಉಗುಳಿನ ಹನಿಗಳು ಕುಳಿಗೆ ಬಿದ್ದವು. ಕಪ್ಪು ಪುಡಿ ಎದ್ದು ಮುಖಕ್ಕೆ ರಾಚಿತು. ಕಣ್ಣಿಗೆ, ಮೂಗಿಗೆ, ತೆರೆದ ಬಾಯಿಗೆ. ನಾಲಗೆಯ ಮೇಲೆ ಸುಣ್ಣದ ಉರಿ. ಅದರ ಹಿಂದೆಯೇ ಕೊಳೆತ ರುಚಿ. ಉಗಿಯಲು ನೋಡಿದ, ಆಗಲಿಲ್ಲ. ನುಂಗಿದ. ಬೆರಳು ಕುಳಿಗೆ ತಾಗಿತು. ಬೆಚ್ಚಗಿತ್ತು. ಒದ್ದೆಯಾಗಿತ್ತು. ಹಲ್ಲಿಲ್ಲದ ಒಸಡಿನಷ್ಟು ಮೆತ್ತಗಿತ್ತು. ಅದು ಅವನ ಬೆರಳನ್ನು ಒಂದು ಸಲ ಚೀಪಿತು.

ಚೀರಿ ಕೈ ಕಿತ್ತುಕೊಂಡ. ಅದೇ ಗಳಿಗೆಗೆ ಬೀಪ್ ನಿಂತಿತು. ಹಳೇ ಮಾನಿಟರ್‌ಗೆ ಅವನು ಕೇಬಲ್ಲನ್ನೇ ಮತ್ತೆ ಸಿಕ್ಕಿಸಿರಲಿಲ್ಲ. ಆದರೂ ಅದರ ಪರದೆ ಹತ್ತಿತು. ಮೊದಲು ಕೆಂಪು, ಆಮೇಲೆ ಕೆಳಗಿನಿಂದ ಮೇಲಕ್ಕೆ ಉರುಳುವ ಗೆರೆಗಳು, ಆಮೇಲೆ ನಿಚ್ಚಳ. ಯಾರೂ ಒತ್ತದೆ ಚಿತ್ರವೊಂದು ತೆರೆದುಕೊಂಡಿತು. ಕೋಟು ತೊಡಿಸಿದ ಒಬ್ಬ ಯುವಕ. ಲೋಕೇಶ. ಅವನ ಎಡಗಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಕಂದು ಚುಕ್ಕಿ.

ಕಿರಣ ಗೋಡೆಯಲ್ಲಿದ್ದ ಕನ್ನಡಿಗೆ ಓಡಿದ. ಕನ್ನಡಿ ಕೆಂಪಾಗಿತ್ತು. ಮುಖದ ಮೇಲೆ ಗೆರೆಗಳು ಉರುಳುತ್ತಿದ್ದವು. ಕಣ್ಣು ಉಜ್ಜಿದ. ಗೆರೆಗಳು ದಪ್ಪಗಾದವು. ಮತ್ತೆ ಉಜ್ಜಿದ. ಕನ್ನಡಿ ಇಲ್ಲ. ಕೋಣೆ ಇಲ್ಲ.

"ಸುಲೋಚನಾ!" ಒಳಗಿನಿಂದ ಪರಮೇಶಪ್ಪನ ಕೂಗು. "ಬೆಳಕು ಕಣೇ! ಗೋಡೆ ಕಾಣ್ತಾ ಐತೆ! ನನ್ ಕೈ ಕಾಣ್ತಾ ಐತೆ!"

ಹೆಜ್ಜೆಗಳು ತಡವರಿಸದೆ ನೇರವಾಗಿ ಬಂದವು. ಎಲೆಅಡಿಕೆಯ ಉಸಿರು ಕಿರಣನ ಹತ್ತಿರ ನಿಂತಿತು.

"ಯಜಮಾನ್ರೇ," ಕಿರಣ ಗಾಳಿಯಲ್ಲಿ ಕೈ ಆಡಿಸಿದ. "ಪರದೆ ಬಂದಿದೆ, ನಿಮಗೆ ಕಾಣ್ತಿದೆಯಲ್ಲ. ಆ ಮಲಗಿರೋ ಫೋಟೊ ತೆಗೀರಿ. ಪ್ರಿಂಟ್ ಹಾಕಿ. ಈಗ್ಲೇ. ದೇವರಾಣೆ ಅಂದಿದ್ರಿ."

ಫ್ಯಾನು ಗೊರಗುಡುತ್ತಿತ್ತು. ಹೊರಗೆ ಒಣಮೀನು ಮಾರುವವನು ಕೂಗುತ್ತಿದ್ದ.

"ಮುಟ್ಟಿದ್ರೆ ಮತ್ತೆ ಹೋದ್ರೆ?" ಪರಮೇಶಪ್ಪ ಹೆಂಡತಿಯನ್ನು ಕೇಳಿದ, ಪಿಸುದನಿಯಲ್ಲಿ.

"ಬೇಡ ಬನ್ನಿ," ಎಂದಳು ಅವಳು. "ಬಂದಿರೋದೇ ಸಾಕು."

ಪ್ಲಗ್ ಕಿತ್ತ ಸದ್ದು. ಫ್ಯಾನು ನಿಧಾನವಾಗುತ್ತ ಆಗುತ್ತ ನಿಂತುಹೋಯಿತು.

"ಅಮ್ಮಾ!"

"ನಾನು ಬೇಡ ಅಂದಿದ್ದೆ ಮಗಾ." ಸುಲೋಚನಮ್ಮನ ದನಿ ನಡುಗುತ್ತಿತ್ತು, ಆದರೆ ಅದು ದೂರ ಸರಿಯುತ್ತಲೂ ಇತ್ತು. "ಎಂಜ್ಲು ಕೊಡು ಅಂತ ಕೇಳಂಗಿಲ್ಲ ಅಂದಿದ್ಲು ಸುಬ್ಬಿ. ಬೇಡ ಅಂದ ಮೇಲೂ ತಾನಾಗೇ ಕೊಟ್ಟೋನಿಗೇ ಈ ಪೀಡೆ ದಾಟೋದು. ನಾನು ಎಲ್ರಿಗೂ ಬೇಡ ಅಂತಾನೇ ಹೇಳ್ದೆ. ನೀನು ಯಾಕಪ್ಪ ಕೇಳ್ಲಿಲ್ಲ?"

ಕಿರಣ ಮಂಡಿಯೂರಿ ವಾಂತಿ ಮಾಡಿಕೊಂಡ. ಅವನ ಕಣ್ಣ ಮುಂದೆ ಆಗ ಮೆಲ್ಲನೆ ಬೆಳಕು ಮೂಡತೊಡಗಿತು. ಹೊಗೆ ಹಿಡಿದ ಗೋಡೆ, ಒಲೆ, ಹಗ್ಗದ ಮೇಲೆ ಸೀರೆ. ಅವನು ಎಂದೂ ಕಾಲಿಡದ ಒಂದು ಲೈನ್‌ಮನೆ. ಅದನ್ನು ಅವನು ಎತ್ತರದಿಂದ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಜಾಗದಿಂದ ನೋಡುತ್ತಿದ್ದ. ಕೆಳಗೆ ಕೂತಿದ್ದ ಮುದುಕಿ ತಲೆಯೆತ್ತಿದಳು.

ಮೈಸೂರಿನ ಡಾಕ್ಟರು ಕಿರಣನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದರು. ಪರಮೇಶಪ್ಪ ದಂಪತಿ ಸ್ಟುಡಿಯೋ ಖಾಲಿ ಮಾಡಿ ಊರು ಬಿಟ್ಟರು. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ. ಹೋಗುವ ಮುನ್ನ ಆ ಕಂಪ್ಯೂಟರನ್ನು ಗೂಡ್ಸ್ ಆಟೋದಲ್ಲಿ ಕಿರಣನ ಅಂಗಡಿಗೆ ಕಳಿಸಿದರು. ಪಾಪಪ್ರಜ್ಞೆಯೋ, ಪೀಡೆ ತೊಲಗಲಿ ಎಂದೋ ಅವರಿಗೇ ಗೊತ್ತು.

ಕಿರಣನಿಗೆ ಈಗ ಕಾಣುವುದು ಆ ಲೈನ್‌ಮನೆ ಒಂದೇ. ರೆಪ್ಪೆ ಮುಚ್ಚಿದರೂ ಅದೇ, ಫೋಟೊಗೆ ರೆಪ್ಪೆ ಎಲ್ಲಿಂದ ಬರಬೇಕು? ಗಾಜಿನ ಮೇಲೆ ನೊಣ ಕೂತರೆ ಅದರ ಹೊಟ್ಟೆ ಕಾಣುತ್ತದೆ. ಇರುವೆಗಳು ಸಾಲಾಗಿ ಅವನ ಕಣ್ಣಿನ ಗುಡ್ಡೆಗೆ ಅಡ್ಡಲಾಗಿ ಹರಿಯುತ್ತವೆ. ಅವು ಬರುವುದು ಅನ್ನಕ್ಕೆ. ಸುಬ್ಬಿ ಉಣ್ಣುವಾಗಲೆಲ್ಲ ತನ್ನ ತಟ್ಟೆಯಿಂದ ಒಂದು ತುತ್ತು ಕಲಸಿ, ಸ್ಟೂಲಿನ ಮೇಲೆ ಹತ್ತಿ, ಮಗನ ಫೋಟೊದ ಬಾಯಿಗೆ ಒತ್ತುತ್ತಾಳೆ. ಹಳೆಯದರ ಮೇಲೆ ಹೊಸದು. ಹಳಸಿದ ಸಾರು ಗಾಜಿನ ಮೇಲೆ ಇಳಿಯುತ್ತದೆ. ಅವಳ ತುಟಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಆದರೆ ಕಿರಣನ ಬಾಯಿಗೆ ಆ ಅನ್ನದ ರುಚಿ ಬರುತ್ತದೆ. ಪರಮೇಶಪ್ಪ ಯಾಕೆ ಮುಖ ಹೊರಳಿಸುತ್ತಿದ್ದ ಎಂಬುದು ಅವನಿಗೆ ಮೊದಲ ದಿನವೇ ತಿಳಿಯಿತು.

ಅವಳನ್ನು ದ್ವೇಷಿಸಲೂ ಆಗುತ್ತಿರಲಿಲ್ಲ. ಅವಳು ಅವನನ್ನು ನೋಡುವಾಗ ಅವಳ ಮುಖದಲ್ಲಿ ಬರೀ ತಾಯಿ ಇದ್ದಳು. ಅದೇ ಎಲ್ಲಕ್ಕಿಂತ ಹೇಸಿಗೆಯಾಗಿತ್ತು.

ಯಾರ ಯಾರನ್ನೋ ಕರೆಸಿದ. ಬ್ರಷ್, ಬ್ಲೋವರ್, ಹೊಸ ರ‍್ಯಾಮ್, ಏನು ಮಾಡಿದರೂ ಪರದೆ ಕಪ್ಪೇ. ಅದಕ್ಕೆ ಬೇಕಾದದ್ದು ಒಂದೇ, ಅದನ್ನು ಕೇಳುವಂತಿಲ್ಲ. ಕೊನೆಗೆ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂದು ಅಂಗಡಿಯ ಮುಂದೆ ಬೋರ್ಡು ಹಾಕಿಸಿದ.

ಒಂದು ಶನಿವಾರ ವಿನುತಾ ಎಂಬವಳು ಬಂದಳು. ಗೋಣಿಕೊಪ್ಪಲಿನಲ್ಲಿ ಓದಿದವಳು, ದನಿಯಲ್ಲೇ ಚುರುಕು. ಬಂದ ಸ್ವಲ್ಪ ಹೊತ್ತಿಗೇ ಅವನ ಬಿಲ್ ಪುಸ್ತಕ ತಪ್ಪಾಗಿದೆ ಎಂದಳು, ಸ್ಟೆಬಿಲೈಸರ್ ಇಟ್ಟ ಜಾಗ ಸರಿಯಿಲ್ಲ ಎಂದಳು. ಕಿರಣನಿಗೆ ತನ್ನ ಹಳೆಯ ದನಿಯನ್ನೇ ಕೇಳಿದಂತಾಯಿತು.

"ಆ ಮೂಲೇಲಿರೋ ಹಳೇ ಪೀಸ್ ಯಾವ್ದು ಸರ್?"

ಕಿರಣ ಆ ಮೂಲೆಯ ಕಡೆ ಮುಖ ತಿರುಗಿಸಿದ. "ಡಿಸ್‌ಪ್ಲೇ ಬರ್ತಿಲ್ಲ. ನೋಡು ಬೇಕಾದ್ರೆ. ಬಾಯಿಂದ ಮಾತ್ರ ಊದ್ಬೇಡಮ್ಮ. ಎಂಜ್ಲು ತಾಗ್ಬಾರ್ದು ಅದಕ್ಕೆ."

ಅವಳು ಫಕ್ಕನೆ ನಕ್ಕಳು. "ಸರ್, ನೀವೂ ಇದನ್ನೆಲ್ಲ ನಂಬ್ತೀರಾ?"

ತಗಡು ಬಿಚ್ಚುವ ಸದ್ದು. "ಥೂ, ಏನ್ ನಾತ!" ಎಂದಳು. ರಬ್ಬರು ಉಜ್ಜುವ ಸದ್ದು. ಕಣ್ಣು ಬಂದ ಕೂಡಲೇ ಮೊದಲನೇ ಕೆಲಸ ಅದೇ, ಎಂದು ಕಿರಣ ಮನಸ್ಸಿನಲ್ಲೇ ಆಣೆ ಮಾಡಿದ. ಪ್ಲಗ್ ಕೀಳುವುದಿಲ್ಲ. ಮಲಗಿರುವ ಫೋಟೊ ಪ್ರಿಂಟ್ ಹಾಕುತ್ತೇನೆ, ಇವಳ ಕಣ್ಣು ಇವಳಿಗೆ ಕೊಡಿಸುತ್ತೇನೆ, ಸುಬ್ಬಿಯ ಕಾಲಿಗೆ ಬೀಳುತ್ತೇನೆ. ದೇವರಾಣೆ. ಆ ಮಾತಿಗೆ ಎಲೆಅಡಿಕೆಯ ನಾತವಿತ್ತು. ತಾನು ಏನು ಮಾಡುವವನೆಂದು ಅವನಿಗೆ ಗೊತ್ತಿತ್ತು. ತನ್ನ ಮೇಲೇ ಹೇಸಿಗೆ ಉಕ್ಕಿ ಬಂತು.

ಬೀಪ್ ನಿಲ್ಲಲಿಲ್ಲ. ಅವಳು ಬಗ್ಗಿದ್ದು ಕೇಳಿಸಿತು. ಮೂಗಿನಿಂದ ದೀರ್ಘವಾಗಿ ಉಸಿರೆಳೆದುಕೊಂಡದ್ದು ಕೇಳಿಸಿತು.

ಬೇಡ ಎಂದು ಮತ್ತೊಮ್ಮೆ, ನಿಜವಾಗಿ, ಕೂಗಿ ಹೇಳಬಹುದಿತ್ತು.

ಲೈನ್‌ಮನೆಯಲ್ಲಿ ಸುಬ್ಬಿ ತಟ್ಟೆ ಹಿಡಿದು ಎದ್ದಳು. ಸ್ಟೂಲು ಎಳೆದಳು. ಹತ್ತಿದಳು. ಇರುವೆ ಹತ್ತಿದ ತುತ್ತು ಹತ್ತಿರ ಹತ್ತಿರ ಬಂತು. ಕಿರಣ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕುಳಿತ.